ಎಣ್ಣೇಲಿ ಉಪ್ಪು ಕರಗಲ್ಲ ಕಣ್ರೀ

ಮೊನ್ನೆ ಸೊಸೆ ಖಾರದ ಅವಲಕ್ಕಿ ಮಾಡಿದ್ಲು, ಮೊದಲು ತಿಂದವರಿಗೆ ಬರೀ ಸಪ್ಪೆ, ಡಬ್ಬದ ತಳ ಸಿಕ್ಕಿದವರಿಗೆ ಉಪ್ಪೋ ಉಪ್ಪು. ಕೇಳಿದ್ರೆ ಒಗ್ಗರಣೆ ಎಣ್ಣೇಲೇ ಉಪ್ಪು ಹಾಕಿ ಕರಗಿಸಿದ್ನಲ್ಲ ಅತ್ತೆ ಅಂತಾಳೆ. ಎಲ್ಲಿ ಕರಗತ್ತೆ? ಎಣ್ಣೆ ಎಷ್ಟೇ ಕಾದಿರ್ಲಿ, ತುಪ್ಪಾನೇ ಆಗಿರ್ಲಿ, ಉಪ್ಪು ಹಾಗೇ ಹರಳಾಗಿ ತಳದಲ್ಲಿ ಕೂತಿರತ್ತೆ, ಅದಕ್ಕೆ ನೀರೇ ಬೇಕು. ನೀರು ಸೇರದ ಸ್ಪಿರಿಟ್ಟಲ್ಲೂ ಹೆಚ್ಚುಕಮ್ಮಿ ಇದೇ ಕಥೆ. ಮಜ್ಜಿಗೆ, ನಿಂಬೆರಸ, ವಿನೆಗರ್‌ನಲ್ಲಿ ಕರಗತ್ತಲ್ಲ ಅಂತೀರಾ, ಅದರಲ್ಲಿರೋದೂ ಬಹುಪಾಲು ನೀರೇ. ಒಣ ತಿಂಡಿಗಾದ್ರೆ ಉಪ್ಪನ್ನ ಸಕ್ಕರೆ ಜೊತೆ ಮಿಕ್ಸೀಲಿ ನುಣ್ಣಗೆ ಪುಡಿ ಮಾಡ್ಕೊಂಡು ಅವಲಕ್ಕಿ ಬಿಸಿ ಇರೋವಾಗ್ಲೇ ಉದುರಿಸಿ ಕೈಯಾಡ್ಸಿ, ಜಿಡ್ಡಿಗೆ ಅಂಟ್ಕೊಳತ್ತೆ.

ಬಾಳೆಕಾಯಿ ಚಿಪ್ಸ್ ಕರಿಯೋರನ್ನ ನೋಡಿದೀರಾ? ಚಿಪ್ಸ್ ಎಣ್ಣೇಲಿ ಬೇಯ್ತಿರೋವಾಗ್ಲೇ ಗಟ್ಟಿ ಉಪ್ಪುನೀರು ಒಂದು ಚಮಚ ಬಿಡ್ತಾರೆ, ಚೊರ್ರ್ ಅಂತ ಬುರುಗು ಏಳತ್ತೆ, ನೀರೆಲ್ಲ ಆವಿ ಆಗೋಗತ್ತೆ, ಉಪ್ಪು ಚಿಪ್ಸಿಗೆ ಹಿಡ್ಕೊಳತ್ತೆ. ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರ್ದು, ಬಿಟ್ಟ ತಕ್ಷಣ ಹಿಂದೆ ಸರೀಬೇಕು, ಮಕ್ಕಳನ್ನಂತೂ ಹತ್ರ ಬಿಟ್ಕೋಬೇಡಿ.

ಮಾವಿನ ಮಿಡಿಗೆ ಉಪ್ಪುನೀರು ಮಾಡೋವಾಗ ಕುದಿಸಿದ್ರೆ ಜಾಸ್ತಿ ಉಪ್ಪು ಹಿಡಿಯತ್ತೆ ಅಂತ ಕೆಲವರು ಅಂದ್ಕೊಂಡಿದಾರೆ. ಹಾಗೇನಿಲ್ಲ, ನೂರು ಗ್ರಾಂ ತಣ್ಣೀರಿಗೆ ಸುಮಾರು 36 ಗ್ರಾಂ, ಕುದಿಯೋ ನೀರಿಗೂ 39ರ ಹತ್ರ ಅಷ್ಟೇ, ಸಕ್ಕರೆ ಥರ ಅಲ್ಲ ಇದು. ಬಿಸಿಗೆ ಬೇಗ ಕರಗತ್ತೆ ಅನ್ನೋದು ನಿಜ. ನಮ್ಮತ್ತೆ ಗ್ರಾಂ ಗೀಂ ನೋಡ್ತಿರಲಿಲ್ಲ, ಎಷ್ಟು ಕಲಕಿದ್ರೂ ತಳದಲ್ಲಿ ನಾಲ್ಕು ಹರಳು ಉಳೀತು ಅಂದ್ರೆ ಸಾಕು ಅನ್ನೋರು. ಕಲ್ಲುಪ್ಪಲ್ಲಿ ಮಣ್ಣು ಕಸ ಇರತ್ತೆ, ಕುದಿಸಿ ಬಟ್ಟೇಲಿ ಸೋಸಿ ಪೂರ್ತಿ ಆರಿದ ಮೇಲೇ ಮಿಡಿಗೆ ಹಾಕಿ.

ಕರಗದೇ ಇರೋದೂ ಒಂದು ಉಪಕಾರಾನೇ. ಕಬ್ಬಿಣದ ಕಾವಲಿ ಮೇಲೆ ಕರಕಲು ಹಿಡಿದಿದ್ರೆ ಎರಡು ಚಮಚ ಎಣ್ಣೆ, ಒಂದು ಹಿಡಿ ಕಲ್ಲುಪ್ಪು ಹಾಕಿ ಹಳೇ ಬಟ್ಟೇಲಿ ತಿಕ್ಕಿ, ಹರಳು ಹಾಗೇ ಇರೋದ್ರಿಂದ ಚೆನ್ನಾಗಿ ಕೆರೆಯತ್ತೆ. ಆಮೇಲೆ ಒಂದು ಚೂರೂ ಉಪ್ಪು ಉಳೀದಂಗೆ ಒರೆಸಿಡಿ, ಇಲ್ಲಾಂದ್ರೆ ತೇವ ಎಳ್ಕೊಂಡು ತುಕ್ಕು ಹಿಡಿಯತ್ತೆ. ನಾನು ಒಂದ್ಸಲ ಹಾಗೇ ಬಿಟ್ಟು ಮಲಗಿದ್ದೆ, ಬೆಳಗ್ಗೆ ದೋಸೆಗೆ ಅಂತ ಬಂದ ನೆಂಟರಿಗೆ ಉಪ್ಪಿಟ್ಟೇ ಗತಿ ಆಯ್ತು.