ಕಡಲ ಗಾಳಿಯ ಊರಿನಲ್ಲಿ ಎಟಿವಿ ಬಿಡಿಭಾಗಗಳಿಗೆ ಮನೆಯಲ್ಲೇ ಪೌಡರ್ ಕೋಟಿಂಗ್

ಗೋವಾದ ವಾಸ್ಕೋದಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಜೊತೆಗೆ ಕಚ್ಚಾ ಹಾದಿಯಲ್ಲಿ ಓಡುವ ನಾಲ್ಕು ಚಕ್ರದ ಗಾಡಿಯಾದ ಎಟಿವಿಯ ಚಕ್ರಗಳು ಎರಚುವ ಜಂಬಿಟ್ಟಿಗೆಯ ಕೆಂಪು ಕೆಸರು ಇವೆಲ್ಲ ಸೇರಿ ಕಾರ್ಖಾನೆಯಿಂದ ಬಂದ ಬಣ್ಣವನ್ನೂ ಕೆಲವೇ ವರ್ಷಗಳಲ್ಲಿ ಅಂಚುಗಳಿಂದ ಎಬ್ಬಿಸಿಬಿಡುತ್ತವೆ. ಒಣ ರಾಳದ ಪುಡಿಗೆ ವಿದ್ಯುದಾವೇಶ ಕೊಟ್ಟು, ಅರ್ಥಿಂಗ್ ಇರುವ ಲೋಹದ ಮೇಲೆ ಕೂರಿಸಿ, ಒವೆನ್‌ನಲ್ಲಿ ಕರಗಿಸಿ ಗಟ್ಟಿಗೊಳಿಸುವ ಪೌಡರ್ ಕೋಟಿಂಗ್ ಇಂಥ ಹವೆಗೆ ಒಪ್ಪುವ ಕೆಲಸವೇ. ಆದರೆ ಅದು ಬಾಳುವುದು ಪುಡಿಯ ಗುಣಕ್ಕಿಂತ ಹೆಚ್ಚಾಗಿ ಪುಡಿಯ ಅಡಿಯಲ್ಲಿ ನಾವು ಏನನ್ನು ಬಿಟ್ಟಿದ್ದೇವೆ ಎಂಬುದರ ಮೇಲೆ. ಇದನ್ನು ನಾನು ಕಲಿತದ್ದು ಕಾಲಿಡುವ ಫುಟ್‌ಪೆಗ್‌ನ ಒಂದು ಬ್ರಾಕೆಟ್ ಹಾಳುಮಾಡಿಕೊಂಡು.

ಜುಲೈ ತಿಂಗಳ ಒಂದು ಸಂಜೆ ಆ ಬ್ರಾಕೆಟ್ಟನ್ನು ಬ್ಲಾಸ್ಟ್ ಮಾಡಿ, ಎಂದರೆ ಗಾಳಿಯ ಒತ್ತಡದಲ್ಲಿ ಗಟ್ಟಿ ಹರಳುಪುಡಿ ಎರಚಿ ತುಕ್ಕು ಕೆರೆದು, ಬೆಳ್ಳಗೆ ಮಾಡಿದ್ದೆ. ಕತ್ತಲಾಯಿತೆಂದು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿಟ್ಟು, ಮರುದಿನ ಬೆಳಿಗ್ಗೆ ಪುಡಿ ಹೊಡೆದೆ. ನೋಡಲು ಕನ್ನಡಿಯಂತಿತ್ತು. ಮುಂದಿನ ವರ್ಷದ ಚೌತಿಯ ಹೊತ್ತಿಗೆ ವೆಲ್ಡಿಂಗ್ ಪಕ್ಕದಲ್ಲಿ ರಾಗಿಕಾಳಿನ ಗಾತ್ರದ ಗುಳ್ಳೆಗಳು ಎದ್ದಿದ್ದವು. ಬ್ಲೇಡಿನಿಂದ ಒಂದನ್ನು ಕೆರೆದಾಗ ಬಣ್ಣ ಈರುಳ್ಳಿಯ ಸಿಪ್ಪೆಯಂತೆ ಸುಲಿದು ಬಂತು, ಅಡಿಯಲ್ಲಿ ಕಿತ್ತಳೆ ಬಣ್ಣದ ತುಕ್ಕು ಹಿಟ್ಟಿನಂತೆ ಕೂತಿತ್ತು. ಒಂದು ರಾತ್ರಿಯ ತೇವ, ತುಕ್ಕು ಕೊರೆದ ಸಣ್ಣ ಗುಂಡಿಗಳಲ್ಲಿ ಉಳಿದ ಉಪ್ಪು, ಇವೆರಡೇ ಸಾಕಾಗಿದ್ದವು.

ಮೊದಲು ಯಾವ ಭಾಗವನ್ನು ಮನೆಯಲ್ಲಿ ಮಾಡಬಹುದು ಎಂಬುದನ್ನು ನಿರ್ಧರಿಸಬೇಕು. ಮನೆಬಳಕೆಯ 60 ಲೀಟರಿನ ಒಟಿಜಿ (ಬೇಯಿಸಲು, ಸುಡಲು ಬಳಸುವ ವಿದ್ಯುತ್) ಒವೆನ್‌ನಲ್ಲಿ ಫುಟ್‌ಪೆಗ್, ಬ್ರಾಕೆಟ್, ಕ್ಲಾಂಪ್, ಲೀವರ್, ಸಣ್ಣ ಗಾರ್ಡ್‌ಗಳು ಹಿಡಿಸುತ್ತವೆ. ಎ-ಆರ್ಮ್ (ಚಕ್ರವನ್ನು ಚೌಕಟ್ಟಿಗೆ ಜೋಡಿಸುವ ತೋಳು), ರ‍್ಯಾಕ್, ಬಂಪರ್, ರಿಮ್‌ಗಳು ಹಿಡಿಸುವುದಿಲ್ಲ. ದೊಡ್ಡ ಭಾಗಗಳನ್ನು ಬಿಚ್ಚಿ, ತೊಳೆದು, ವೆರ್ಣಾ ಕೈಗಾರಿಕಾ ವಸಾಹತಿನ ಕಡೆ ಬ್ಲಾಸ್ಟಿಂಗ್ ಮತ್ತು ಕೋಟಿಂಗ್ ಎರಡನ್ನೂ ಒಂದೇ ಸೂರಿನಡಿ ಮಾಡುವವರನ್ನು ಹುಡುಕಿ ಕೊಡುವುದೇ ಲೇಸು. ಅನಿಲ ತುಂಬಿದ ಶಾಕ್ ಅಬ್ಸಾರ್ಬರನ್ನು ಯಾವ ಕಾರಣಕ್ಕೂ ಒವೆನ್‌ಗೆ ಹಾಕಬಾರದು, ಅದು ಸಿಡಿಯಬಹುದು. ಬೇರಿಂಗ್, ಬುಷ್, ಬಾಲ್ ಜಾಯಿಂಟ್, ಆಯಿಲ್ ಸೀಲ್‌ಗಳು ಕಳಚಲೇಬೇಕು. ಆಹಾರ ಬೇಯಿಸಿದ ಒವೆನ್ ಈ ಕೆಲಸಕ್ಕೆ ಬಂದ ಮೇಲೆ ಮತ್ತೆ ಅಡುಗೆಮನೆಗೆ ಹೋಗಕೂಡದು.

ಇನ್ನು ತೊಳೆಯುವ ಕೆಲಸ, ನನ್ನ ಲೆಕ್ಕದಲ್ಲಿ ಅರ್ಧ ಶ್ರಮ ಇದಕ್ಕೇ ಸಲ್ಲಬೇಕು. ಡಿಗ್ರೀಸರ್ ಗ್ರೀಸನ್ನು ತೆಗೆಯುತ್ತದೆಯೇ ಹೊರತು ತುಕ್ಕಿನ ಗುಂಡಿಗಳೊಳಗೆ ಅಡಗಿದ ಉಪ್ಪನ್ನಲ್ಲ. ಬ್ಲಾಸ್ಟಿಂಗ್ ಕೂಡ ಒಂದೇ ಸಲಕ್ಕೆ ಅದನ್ನು ತೆಗೆಯುವುದಿಲ್ಲ. ಆದ್ದರಿಂದ ಸಾಬೂನು ಹಾಕಿ ತೊಳೆದು, ಬ್ಲಾಸ್ಟ್ ಮಾಡಿ, ಆರ್‌ಒ ನೀರಿನಿಂದ ಬ್ರಷ್ ಹಚ್ಚಿ ತೊಳೆದು, ಕೂಡಲೇ ಬಿಸಿಗಾಳಿಯಲ್ಲಿ ಒಣಗಿಸಿ, ಮತ್ತೊಮ್ಮೆ ಲಘುವಾಗಿ ಬ್ಲಾಸ್ಟ್ ಮಾಡುವುದು ನನ್ನ ಕ್ರಮ. ಒಣಗಿಸಿದ ಮೇಲೂ ಗುಂಡಿಗಳ ಬಳಿ ಬೇಗನೆ ಕಪ್ಪು ಮಚ್ಚೆಗಳು ಮೂಡಿದರೆ ಉಪ್ಪು ಇನ್ನೂ ಉಳಿದಿದೆ ಎಂದೇ ತಿಳಿಯಬೇಕು. ಬ್ಲಾಸ್ಟಿಂಗ್‌ಗೆ ನದಿಯ ಮರಳನ್ನು ಬಳಸುವವರನ್ನು ಕಂಡಿದ್ದೇನೆ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಗಾರ್ನೆಟ್ ಅಥವಾ ಅಲ್ಯುಮಿನಿಯಂ ಆಕ್ಸೈಡ್ ಬಳಸಿ, ಒಳ್ಳೆಯ ಮುಖವಾಡ ಹಾಕಿಕೊಳ್ಳಬೇಕು. ಬ್ಲಾಸ್ಟ್ ಮುಗಿದ ಮೇಲೆ ಬರಿಗೈಯಿಂದ ಮುಟ್ಟಬಾರದು, ಮತ್ತು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ, ಪುಡಿ ಹೊಡೆಯಬೇಕು. ನಾನಂತೂ ಈಗ ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸುತ್ತೇನೆ.

ಎರಕದ ಅಲ್ಯುಮಿನಿಯಂ ಭಾಗವಾದರೆ ಅದರ ಸೂಕ್ಷ್ಮರಂಧ್ರಗಳಲ್ಲಿ ಸೇರಿದ ಎಣ್ಣೆ ಮತ್ತು ಗಾಳಿ ಕಾಯಿಸುವಾಗ ಹೊರಬಂದು ಬಣ್ಣದಲ್ಲಿ ಸೂಜಿರಂಧ್ರಗಳನ್ನು ಮಾಡುತ್ತವೆ. ಅದಕ್ಕಾಗಿ ಪುಡಿ ಹೊಡೆಯುವ ಮೊದಲೇ, ಮುಂದೆ ಕಾಯಿಸಲಿರುವ ಶಾಖಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ ಬರಿದೇ ಕಾಯಿಸಿ ತಣಿಸಬೇಕು. ಬಳಿಕ ಥ್ರೆಡ್‌ಗಳಿಗೆ ಸಿಲಿಕೋನ್ ಪ್ಲಗ್, ಬೋಲ್ಟಿನ ತಲೆ ಕೂರುವ ಮುಖಗಳಿಗೆ ಪಾಲಿಇಮೈಡ್ ಟೇಪ್ ಹಚ್ಚಬೇಕು. ಸಾಧಾರಣ ಪೇಂಟರ್ ಟೇಪ್ ಒವೆನ್‌ನಲ್ಲಿ ಸುಟ್ಟು ಅಂಟಿಕೊಳ್ಳುತ್ತದೆ.

ಪುಡಿಯ ವಿಷಯಕ್ಕೆ ಬಂದರೆ, ಹೊರಗೆ ಬಿಸಿಲಿನಲ್ಲಿ ಓಡುವ ಗಾಡಿಗೆ ಮೇಲ್ಪದರವಾಗಿ ಪಾಲಿಯೆಸ್ಟರ್ ಬೇಕು. ಎಪಾಕ್ಸಿ ತುಕ್ಕನ್ನು ಚೆನ್ನಾಗಿ ತಡೆದರೂ ಬಿಸಿಲಿಗೆ ಸುಣ್ಣ ಬಳಿದಂತೆ ಮಂಕಾಗುತ್ತದೆ, ಹಾಗಾಗಿ ಅದನ್ನು ಅಡಿಪದರವಾಗಿ ಬಳಸುವುದು ಸರಿ. ಎಸಿ ಕೋಣೆಯಲ್ಲಿಟ್ಟ ಪುಡಿಯ ಡಬ್ಬವನ್ನು ಹೊರತಂದ ಕೂಡಲೇ ತೆರೆಯಬಾರದು. ಅದು ಹೊರಗಿನ ಶಾಖಕ್ಕೆ ಬರುವವರೆಗೆ ಮುಚ್ಚಳ ಹಾಕಿಯೇ ಇಡದಿದ್ದರೆ ತೇವ ಹಿಡಿದು ಪುಡಿ ಉಂಡೆಗಟ್ಟುತ್ತದೆ. ಕಂಪ್ರೆಸರಿನ ಗಾಳಿಗೂ ನೀರು ಸೋಸುವ ಟ್ರ್ಯಾಪ್ ಮತ್ತು ಸಿಲಿಕಾ ಜೆಲ್ ಫಿಲ್ಟರ್ ಬೇಕೇ ಬೇಕು.

ಪುಡಿಗೆ ವಿದ್ಯುದಾವೇಶ ಕೊಟ್ಟು ಎರಚುವ ಗನ್ ಎಷ್ಟೇ ಒಳ್ಳೆಯದಿರಲಿ, ಅರ್ಥಿಂಗ್ ಸರಿಯಿಲ್ಲದಿದ್ದರೆ ಪುಡಿ ನೆಲಕ್ಕೇ ಬೀಳುತ್ತದೆ. ಭಾಗಕ್ಕೂ ಅರ್ಥಿಂಗ್‌ಗೂ ನಡುವಿನ ರೋಧ 1 ಮೆಗಾಓಮ್‌ಗಿಂತ ಕಡಿಮೆ ಇರಬೇಕು. ಹಳೆಯ ಬಣ್ಣ ಮೆತ್ತಿದ ಕೊಕ್ಕೆಗಳೇ ಸಾಮಾನ್ಯವಾಗಿ ಇದಕ್ಕೆ ಅಡ್ಡಿ, ಆದ್ದರಿಂದ ಪ್ರತಿ ಸಲ ಕೊಕ್ಕೆಯನ್ನು ಉಜ್ಜಿ ಲೋಹ ಕಾಣುವಂತೆ ಮಾಡಬೇಕು. ಒಳಮೂಲೆಗಳಿಗೆ ಪುಡಿ ಸುಲಭವಾಗಿ ಹೋಗುವುದಿಲ್ಲ, ಹೊರ ಅಂಚುಗಳೇ ಅದನ್ನು ಸೆಳೆದುಕೊಳ್ಳುತ್ತವೆ. ಗನ್ನಿನ ವೋಲ್ಟೇಜನ್ನೂ ಗಾಳಿಯನ್ನೂ ತಗ್ಗಿಸಿ ಮೂಲೆಗಳನ್ನು ಮೊದಲು ತುಂಬಿ, ಬಯಲು ಭಾಗಗಳನ್ನು ಕೊನೆಗೆ ಮುಗಿಸಬೇಕು. ಗಾಳಿಯಲ್ಲಿ ತೇಲುವ ಪುಡಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಪುಡಿ ಹೊಡೆಯುವ ಜಾಗವೂ ಒವೆನ್ ಇರುವ ಜಾಗವೂ ಬೇರೆಬೇರೆಯಾಗಿರಬೇಕು. ಪೇಸ್‌ಮೇಕರ್ ಇರುವವರು ಗನ್ನಿನ ಹತ್ತಿರ ಬರಬಾರದು. ಕಿಟಕಿ ತೆರೆದಿಟ್ಟರೆ ಈ ಊರಿನ ಕಪ್ಪು ಧೂಳು ಬಿಳಿ ಬಣ್ಣದ ಮೇಲೆ ಎಳ್ಳು ಉದುರಿಸಿದಂತೆ ಕೂರುತ್ತದೆ ಎಂಬುದೂ ನನ್ನ ಅನುಭವ.

ಕಾಯಿಸುವಾಗ ಒವೆನ್ನಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬಾರದು. ಹೆಚ್ಚಿನ ಪಾಲಿಯೆಸ್ಟರ್ ಪುಡಿಗಳಿಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಬೇಕಾಗುತ್ತದೆ, ನಿಖರವಾದ ಲೆಕ್ಕ ಡಬ್ಬದ ಮೇಲಿರುತ್ತದೆ. ಆದರೆ ಆ 10 ನಿಮಿಷ ಶುರುವಾಗುವುದು ಒವೆನ್ ಬಿಸಿಯಾದಾಗಲ್ಲ, ಲೋಹ ಆ ಶಾಖಕ್ಕೆ ಬಂದಾಗ. ದಪ್ಪ ಬ್ರಾಕೆಟ್ ಅಷ್ಟು ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಬಣ್ಣ ಹಿಡಿದ ಮೇಲ್ಮೈಯ ಮೇಲೆ ಸರಿಯಾಗಿ ಓದುತ್ತದೆ, ಹೊಳೆಯುವ ಬರಿಲೋಹದ ಮೇಲೆ ತಪ್ಪುತ್ತದೆ.

ತಣಿದ ಮೇಲೆ ಪದರ 60ರಿಂದ 80 ಮೈಕ್ರಾನ್ ಇದ್ದರೆ ಸಾಕು. ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಎಂಬ ದ್ರಾವಕ ಹಚ್ಚಿದ ಹತ್ತಿಯಿಂದ ಕೆಲವು ಸಲ ಉಜ್ಜಿದಾಗ ಬಣ್ಣ ಧಾರಾಳವಾಗಿ ಹತ್ತಿಗೆ ಬಂದರೆ ಅದು ಇನ್ನೂ ಬೆಂದಿಲ್ಲ, ಮತ್ತೆ ಒವೆನ್‌ಗೆ ಹಾಕಬೇಕು. ಜೋಡಿಸುವಾಗ ಟೇಪ್ ಹಚ್ಚಿದ್ದ ಬರಿಲೋಹದ ಮುಖಗಳಿಗೆ ತೆಳುವಾಗಿ ಗ್ರೀಸ್ ಸವರಬೇಕು. ಬೋಲ್ಟ್‌ಗಳನ್ನು ಮೊದಲ ಸವಾರಿಯ ಬಳಿಕ ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ನೋಡಬೇಕು, ಏಕೆಂದರೆ ಎಲ್ಲಾದರೂ ಬೋಲ್ಟಿನಡಿ ಸಿಕ್ಕ ಬಣ್ಣ ಒತ್ತಡಕ್ಕೆ ಕುಸಿದು ಹಿಡಿತ ಸಡಿಲವಾಗುತ್ತದೆ. ಕಲ್ಲು ಬಡಿದು ಬಣ್ಣ ಎದ್ದ ಜಾಗಕ್ಕೆ ಮತ್ತೆ ಪುಡಿ ಹೊಡೆಯಲಾಗದು. ಅದನ್ನು ಅಂದೇ ತೊಳೆದು, ಒಣಗಿಸಿ, ಎರಡು ಭಾಗದ ಎಪಾಕ್ಸಿ ಬಣ್ಣವನ್ನು ಸಣ್ಣ ಕುಂಚದಿಂದ ತುಂಬಿಸಿಡಬೇಕು.