ದುಬಾರಿ ಪಿಟೀಲು ಕೊಳ್ಳುವ ಮೊದಲು ಕುದುರೆ ಕೆತ್ತಿಸಿ
ಮಗುವಿನ ಅಗ್ಗದ ಪಿಟೀಲು ಕರ್ಕಶವಾಗಿದೆ ಎಂದು ದುಬಾರಿಯದನ್ನು ಕೊಳ್ಳುವ ಮೊದಲು, ವಾದ್ಯ ರಿಪೇರಿ ಮಾಡುವವರಿಂದ ಅದರ ಕುದುರೆಯನ್ನು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡನ್ನು, ತೆಳುವಾಗಿ, ತಗ್ಗಾಗಿ ಕೆತ್ತಿಸಿ, ಒಳ್ಳೆಯ ತಂತಿ ಹಾಕಿಸಿ. ಕಡಿಮೆ ಬೆಲೆಯ ಪಿಟೀಲುಗಳ ಕುದುರೆ ಸಾಮಾನ್ಯವಾಗಿ ದಪ್ಪವಾಗಿ, ಎತ್ತರವಾಗಿ ಇರುತ್ತದೆ. ದಪ್ಪದಿಂದ ನಾದ ಮಂಕಾಗುತ್ತದೆ. ಎತ್ತರದಿಂದ ತಂತಿ ಒತ್ತುವುದೇ ಕಷ್ಟವಾಗಿ, ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವ ಜಾರು, ಸ್ವರವನ್ನು ಅಲುಗಿಸುವ ಗಮಕಗಳು ಕೈಗೆ ಹತ್ತುವುದಿಲ್ಲ. ಪಾಪ, ಮಕ್ಕಳು ತಮಗೇ ಬರುವುದಿಲ್ಲವೆಂದು ಕುಗ್ಗಿಬಿಡುತ್ತಾರೆ! ಬೆರಳಿಡುವ ಕಪ್ಪು ಪಟ್ಟಿಯ ಕುದುರೆ ಕಡೆಯ ತುದಿಯಲ್ಲಿ, ಪಟ್ಟಿಯಿಂದ ಮಂದ್ರದ (ಅತಿ ಕೆಳ ಶ್ರುತಿಯ) ತಂತಿ ಸುಮಾರು 5 ಮಿ.ಮೀ., ತಾರದ (ಅತಿ ಮೇಲು ಶ್ರುತಿಯ) ತಂತಿ ಸುಮಾರು 3.5 ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಮನೆಯಲ್ಲೇ ತಂತಿ ಬದಲಿಸುವುದಾದರೆ ಒಂದೊಂದಾಗಿಯೇ ಬದಲಿಸಿ. ನಾಲ್ಕನ್ನೂ ಒಮ್ಮೆಲೇ ಸಡಿಲಿಸಿದರೆ ಪಿಟೀಲಿನ ಒಳಗೆ ಮೇಲಿನ, ಕೆಳಗಿನ ಹಲಗೆಗಳ ನಡುವೆ ನಿಂತಿರುವ ಪುಟ್ಟ ಕಂಬ ಬಿದ್ದುಹೋಗಬಹುದು. ಕತ್ತು ಬಾಗಿದ್ದರೆ ಅಥವಾ ಮೇಲಿನ ಹಲಗೆ ಬಿರುಕು ಬಿಟ್ಟಿದ್ದರೆ ಕುದುರೆ ಕೆತ್ತಿಸಿ ಪ್ರಯೋಜನವಿಲ್ಲ. ತಂತಿ ಬಿಗಿಯುವ ಬಿರಡೆ ಜಾರಿ ಶ್ರುತಿ ನಿಲ್ಲದಿದ್ದರೆ ಅದನ್ನು ಬೇರೆಯಾಗಿಯೇ ಸರಿಪಡಿಸಬೇಕು. ಕಛೇರಿ ನುಡಿಸುವ ಹಂತಕ್ಕೆ ಬಂದವರಿಗೂ ಇಷ್ಟು ಸಾಲದು. ಅವರು ಬಯಸುವ ನಾದಕ್ಕೆ ಒಳ್ಳೆಯ ಮರ, ನುರಿತವರ ಕೈಕೆಲಸ ಎರಡೂ ಬೇಕು, ಅಲ್ಲಿ ಹಣ ಹಾಕುವುದು ಸರಿಯೇ.