ಹಳೆಯ ಮೀನಿನ ತೊಟ್ಟಿಯ ಸೋರಿಕೆ ನಿಂತದ್ದು ಹೀಗೆ

ತೀರ್ಥಹಳ್ಳಿಯಲ್ಲಿ ಕೊಂಡ ಎರಡು ಅಡಿಯ ಹಳೆಯ ಗಾಜಿನ ತೊಟ್ಟಿ, ನೀರು ತುಂಬಿಸಿದ ರಾತ್ರಿಯೇ ತಳದ ಮೂಲೆಯಿಂದ ಹನಿಯತೊಡಗಿತು. ಬೆಳಗ್ಗೆ ಕಾವಿ ನೆಲದ ಮೇಲೆ ಅಂಗೈಯಗಲ ನೀರು.

ಹೊರಗಿನಿಂದ ಎಪಾಕ್ಸಿ ಅಂಟು ಮೆತ್ತಿದೆ, ಎರಡೇ ದಿನ ನಿಂತಿತು. ಒಳಮೂಲೆಗಳಲ್ಲಿ ನೀರು ಸೋರದಂತೆ ಹಾಕಿದ್ದ ಹಳೆಯ ಸಿಲಿಕೋನ್ (ರಬ್ಬರಿನಂಥ ಅಂಟು) ಮೇಲೆಯೇ ಹೊಸದನ್ನು ಬಳಿದೆ, ಸಿಪ್ಪೆಯಂತೆ ಎದ್ದು ಬಂತು. ಗಟ್ಟಿಯಾದ ಸಿಲಿಕೋನಿಗೆ ಹೊಸದು ಸರಿಯಾಗಿ ಹಿಡಿಯುವುದೇ ಇಲ್ಲ. ಅದಕ್ಕೆ ಬರಿಯ ಗಾಜೇ ಬೇಕು.

ಒಳಮೂಲೆಗಳ ಹಳೆಯ ಪಟ್ಟಿಯನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದೆ. ಗಾಜು ಗಾಜಿನ ನಡುವಿನ ಅಂಟನ್ನು ಮಾತ್ರ ಮುಟ್ಟಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಎರಡೂ ಬದಿಗೆ ಕಾಗದದ ಟೇಪ್ ಅಂಟಿಸಿ, ಶಿಲೀಂಧ್ರನಾಶಕ ಬೆರೆಸದ ಶುದ್ಧ ಸಿಲಿಕೋನನ್ನು ಒಂದೇ ಎಳೆತದಲ್ಲಿ ಹಾಕಿದೆ. ಬಚ್ಚಲಿಗೆಂದು ಮಾರುವುದರಲ್ಲಿ ಸಾಮಾನ್ಯವಾಗಿ ಆ ವಿಷ ಇರುತ್ತದೆ, ಮೀನಿಗೆ ಆಗದು. ಬೆರಳಿನಿಂದ ಸವರಿ, ಪೊರೆ ಕಟ್ಟುವ ಮೊದಲೇ ಟೇಪ್ ಕಿತ್ತೆ. ಸಿಲಿಕೋನ್ ಗಟ್ಟಿಯಾಗುವಾಗ ಬರುವ ವಿನೆಗರ್ ವಾಸನೆ ಪೂರ್ತಿ ಹೋಗಲು ಏಳು ದಿನ ಬಿಟ್ಟೆ. ಆಮೇಲೆ ಜಗಲಿಯಲ್ಲಿ ಪತ್ರಿಕೆ ಹಾಸಿ, 48 ಗಂಟೆ ನೀರು ತುಂಬಿಸಿಟ್ಟೆ. ಪತ್ರಿಕೆ ಒದ್ದೆಯಾಗಲಿಲ್ಲ.

ನಂತರ ಒಂದು ಪಾಲು ಬ್ಲೀಚಿಗೆ 19 ಪಾಲು ನೀರು ಬೆರೆಸಿ 15 ನಿಮಿಷ ಇಟ್ಟು, ನಾಲ್ಕು ಸಲ ತೊಳೆದು, ಕ್ಲೋರಿನ್ ನಿವಾರಕ ಹಾಕಿದ ನೀರಿನಲ್ಲಿ ಒಂದು ದಿನ ನೆನೆಸಿದೆ. ಸೋಪು ಬೇಡವೇ ಬೇಡ. ಮೀನು ಬಿಟ್ಟದ್ದು, ಮೀನಿಲ್ಲದ ತೊಟ್ಟಿಗೇ ಚಿಟಿಕೆ ಚಿಟಿಕೆ ಆಹಾರ ಹಾಕುತ್ತ ಫಿಲ್ಟರ್ ಓಡಿಸಿ, ಅದು ಕೊಳೆತಾಗ ಹುಟ್ಟುವ, ಮೀನಿಗೆ ವಿಷವಾದ ಅಮೋನಿಯ ಮತ್ತು ನೈಟ್ರೈಟ್ ಎರಡೂ ಏರಿ ಸೊನ್ನೆಗೆ ಇಳಿದ ಮೇಲೆ.